ಮೊದಲ ಮೂರು ದಿನದ ಎದೆಹಾಲು ಚೆಲ್ಲಬೇಕೆಂದು ಆಯುರ್ವೇದ ಹೇಳುತ್ತದೆಯೇ?

ಶಿರಸಿಯಲ್ಲಿ ಬಾಣಂತನ, ಮೂರು ದಿನ ಹಾಲು ಹಿಂಡಿ ಚೆಲ್ಲಿ ಜೇನು-ತುಪ್ಪ ನೆಕ್ಕಿಸಿ ಎನ್ನುತ್ತಾರೆ ಅತ್ತೆ, ಹುಟ್ಟಿದ ತಾಸಿನೊಳಗೇ ಕುಡಿಸಿ ಎನ್ನುತ್ತಾರೆ ಡಾಕ್ಟರು ಎಂದು ಕೇಳಿದ್ದೀರಿ. ಡಾಕ್ಟರ ಮಾತು ಕೇಳಿ. ಆದರೆ ಅತ್ತೆಯ ಮಾತೂ ಬುಡವಿಲ್ಲದ್ದಲ್ಲ.

ಹೆತ್ತ ಮೂರು-ನಾಲ್ಕು ರಾತ್ರಿಯ ನಂತರ ಹಾಲು ಇಳಿಯುತ್ತದೆ, ಅಲ್ಲಿಯವರೆಗೆ ಜೇನು-ತುಪ್ಪ ಕೊಡಿ ಎಂದು ಆಯುರ್ವೇದದ ಹಳೆಯ ಗ್ರಂಥ ಸುಶ್ರುತ ಸಂಹಿತೆಯ ಶಾರೀರಸ್ಥಾನ ಎಂಬ ಭಾಗದಲ್ಲಿದೆ. ನೋಡಿದ್ದು ಸರಿ: ಮಾಸು ಬಿದ್ದ ಮೇಲೆ ಪ್ರೊಜೆಸ್ಟೆರಾನ್ ಹಾರ್ಮೋನು ಕುಸಿದು, ಎರಡರಿಂದ ನಾಲ್ಕನೇ ದಿನದೊಳಗೆ ಹಾಲು ತುಂಬಿ ಬರುತ್ತದೆ. ಅದಕ್ಕೂ ಮೊದಲು ಬರುವ ಹಳದಿ ಗಿಣ್ಣುಹಾಲು ಒಂದು ಸಲಕ್ಕೆ ಚಮಚದಷ್ಟೇ. ಕೂಸಿಗೆ ಅಷ್ಟು ಸಾಕು, ರೋಗ ತಡೆಯುವ ಐಜಿಎ ಎಂಬ ಪ್ರತಿಕಾಯ ಅದರಲ್ಲೇ ಹೆಚ್ಚು. ಕರುವಿಗೆ ಗಿಣ್ಣು ಬಿಡದಿದ್ದರೆ ಬೈಯುವವರೇ ಮೊಮ್ಮಗುವಿಗೆ ಬೇಡ ಎನ್ನುವುದು ವಿಚಿತ್ರ! ಆಯುರ್ವೇದದ ಇನ್ನೊಂದು ಹಳೆಯ ಗ್ರಂಥ ಚರಕ ಸಂಹಿತೆಯಲ್ಲಂತೂ ಜಾತಕರ್ಮ ಎಂಬ ಹುಟ್ಟಿನ ವಿಧಿ ಮುಗಿದೊಡನೆ ಬಲಮೊಲೆ ಕುಡಿಸುವ ಕ್ರಮವಿದೆ, ಮೂರು ದಿನದ ತಡೆಯಿಲ್ಲ.

ಜೇನು ಮಾತ್ರ ವರ್ಷ ತುಂಬುವವರೆಗೆ ಬೇಡ, ಕಾಡುಜೇನಾದರೂ. ಅದರಲ್ಲಿರಬಹುದಾದ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಾಣು ಎಳೆಕರುಳಲ್ಲಿ ಮೊಳೆತು ವಿಷ ಬಿಡುತ್ತದೆ, ಕೂಸು ಸೋತು ಬೀಳುತ್ತದೆ.

ಸುಶ್ರುತನ ಇನ್ನೊಂದು ಮಾತು ಇವತ್ತಿಗೂ ಬೇಕು: ಕುಡಿಸುವ ಮೊದಲು ತುಸು ಹಿಂಡಿ, ಇಲ್ಲದಿದ್ದರೆ ಬಿಗಿದ ಮೊಲೆ ಕುಡಿದ ಮಗುವಿಗೆ ಕೆಮ್ಮು, ವಾಂತಿ. ಹಾಲು ಕಟ್ಟಿದಾಗ ತೊಟ್ಟಿನ ಸುತ್ತಲಿನ ಕಪ್ಪುಭಾಗ ಗಟ್ಟಿಯಾಗಿ ಕೂಸಿನ ಬಾಯಿಗೆ ಸಿಗುವುದಿಲ್ಲ. ಅದು ಬರೀ ತೊಟ್ಟು ಕಚ್ಚುತ್ತದೆ, ತೊಟ್ಟು ಒಡೆಯುತ್ತದೆ, ನೋವಿಗೆ ಕುಡಿಸುವುದು ಕಡಿಮೆಯಾಗಿ ಹಾಲೂ ಬತ್ತುತ್ತದೆ. ಬಿಸಿಬಟ್ಟೆ ಒತ್ತಿ, ಕಪ್ಪುಭಾಗ ಮೆತ್ತಗಾಗುವಷ್ಟು ಮಾತ್ರ ಕೈಯಿಂದ ಹಿಂಡಿ. ಬಾಯಿ ಅಗಲ ತೆರೆದಾಗ ಹಚ್ಚಿ. ಗದ್ದ ಮೊಲೆಗೆ ತಾಗಿರಲಿ, ಕೆಳತುಟಿ ಹೊರಮಗುಚಿರಲಿ. ದಿನಕ್ಕೆ 8ರಿಂದ 12 ಸಲ, ರಾತ್ರಿಯೂ ಸೇರಿ.

ಐದನೇ ದಿನದಿಂದ ದಿನಕ್ಕೆ ಆರು ಸಲವಾದರೂ ಕೂಸು ಉಚ್ಚೆ ಹೊಯ್ದು, ಎರಡು ವಾರದಲ್ಲಿ ಹುಟ್ಟಿದಾಗಿನ ತೂಕಕ್ಕೆ ಮರಳಿದರೆ ಹಾಲು ಸಾಲುತ್ತಿದೆ. ಇಲ್ಲವಾದರೆ ಹಾಲು ಹೆಚ್ಚಲೆಂದು ಶತಾವರಿ ಲೇಹ್ಯ ಹುಡುಕುವ ಮೊದಲು ಕೂಸು ಹಿಡಿಯುವ ರೀತಿಯನ್ನು ಡಾಕ್ಟರಿಗೆ ತೋರಿಸಿ.

ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿಗೆ ಚರಕನ ಬೆಂಬಲವಿಲ್ಲ. ಹಾಲು ಹೆಚ್ಚಿಸಲು ಆತ ಹೇಳುವುದು ದ್ರವ ಆಹಾರ, ಹಾಲು, ದಣಿಯದಿರುವುದು. ನೀರಲ್ಲಿರುವ ಪ್ರಾಣಿಗಳ ಮಾಂಸವೂ ಆ ಪಟ್ಟಿಯಲ್ಲಿದೆ. ಹಾಗಾಗಿ ಕಾರವಾರ, ಕುಮಟಾ ಕಡೆಯ ತಾಯಂದಿರಿಗೆ ಮೀನು ನಿಲ್ಲಿಸುವ ಕಾರಣವಿಲ್ಲ. ಬಾಯಾರಿದಾಗೆಲ್ಲ ಗಂಜಿ, ನೀರು ಕುಡಿಯಲಿ. ಕೂಸಿಗೆ ಮಾತ್ರ ಆರು ತಿಂಗಳು ನೀರೂ ಬೇಡ.