ಇಂಗ್ಲೆಂಡಿನಲ್ಲಿ ಮಗನ ಶಾಲೆ: ಮೊದಲೇ ಹೇಳಿಬಿಡಿ

ಯಜಮಾನರಿಗೆ ಮ್ಯಾಂಚೆಸ್ಟರಿನಲ್ಲಿ ಕೆಲಸ ಸಿಕ್ಕಿದೆ, ಐದು ವರ್ಷದ ಮಗನಿಗೆ ಬೆಂಗಳೂರಿನ ಡಾಕ್ಟರು ಆಟಿಸಂ ಎಂದು ಬರೆದುಕೊಟ್ಟಿದ್ದಾರೆ, ಇದನ್ನು ಶಾಲೆಗೆ ಮೊದಲೇ ಹೇಳಬೇಕಾ, ಸೀಟು ಸಿಕ್ಕಿದ ಮೇಲೆ ಹೇಳಿದರೆ ಸಾಕಾ ಎಂದು ಕೇಳಿದ್ದೀರಿ. ಮೊದಲೇ ಹೇಳಿ, ಬರವಣಿಗೆಯಲ್ಲೇ ಹೇಳಿ.

ನಿಮ್ಮ ಭಯ ಎಲ್ಲಿಂದ ಬಂತು ಅಂತ ಗೊತ್ತು. ನಮ್ಮ ಕಡೆ ಎಲ್‌ಕೆಜಿ ಸೀಟಿಗೇ ಅಪ್ಪ ಅಮ್ಮನನ್ನೂ ಕೂರಿಸಿಕೊಂಡು ಇಂಟರ್‌ವ್ಯೂ ಮಾಡುವವರಿದ್ದಾರೆ. ಇಲ್ಲಿನ ಸರ್ಕಾರಿ ಪ್ರೈಮರಿ ಶಾಲೆಗಳಲ್ಲಿ ಅದಿಲ್ಲ. ಜಾಗ ಖಾಲಿ ಇದ್ದರೆ ಕೊಡುತ್ತಾರೆ. ಅರ್ಜಿ ಹೆಚ್ಚು ಬಂದರೆ ಮೊದಲೇ ಪ್ರಕಟಿಸಿದ ನಿಯಮದ ಪ್ರಕಾರ ಕೊಡುತ್ತಾರೆ: ಸರ್ಕಾರದ ಆರೈಕೆಯಲ್ಲಿರುವ ಅಥವಾ ಹಿಂದೆ ಇದ್ದ ಮಕ್ಕಳು ಮೊದಲು, ಆಮೇಲೆ ಹೆಚ್ಚಿನ ಕಡೆ ಅಲ್ಲೇ ಓದುತ್ತಿರುವವರ ತಮ್ಮ ತಂಗಿಯರು, ಆಮೇಲೆ ಮನೆ ಎಷ್ಟು ಹತ್ತಿರ ಎನ್ನುವ ಲೆಕ್ಕ. ಮಗುವಿಗೆ ಹೆಚ್ಚಿನ ಸಹಾಯ ಬೇಕು ಎನ್ನುವ ಕಾರಣಕ್ಕೆ ಸಾಮಾನ್ಯ ಶಾಲೆ ಸೀಟು ನಿರಾಕರಿಸುವಂತಿಲ್ಲ. ಮುಚ್ಚಿಟ್ಟರೆ ಮೊದಲ ಟರ್ಮ್ ಪೂರ್ತಿ ಟೀಚರು 'ಈ ಹುಡುಗ ಮಾತು ಕೇಳಲ್ಲ' ಅಂದುಕೊಂಡೇ ಕಳೆಯುತ್ತಾರೆ. ಪ್ರೈಮರಿ ಶಾಲೆಯೊಂದರಲ್ಲಿ ಟೀಚಿಂಗ್ ಅಸಿಸ್ಟೆಂಟ್ ಆಗಿರುವ ನಾನು ಇದನ್ನು ಕಣ್ಣಾರೆ ನೋಡುತ್ತಿರುತ್ತೇನೆ.

ವೀಸಾದ ಬಗ್ಗೆಯೂ ಒಂದು ಮಾತು. ನಿಮ್ಮ ವೀಸಾದಲ್ಲಿ 'ಪಬ್ಲಿಕ್ ಫಂಡ್ಸ್ ಪಡೆಯುವಂತಿಲ್ಲ' ಎಂದಿರುತ್ತದೆ. ಅದನ್ನು ಓದಿ ಹೆದರಿ, ಶಾಲೆಯಲ್ಲಿ ಏನೂ ಕೇಳದೆ ಸುಮ್ಮನಿರುವ ಕುಟುಂಬಗಳಿವೆ. ಸರ್ಕಾರಿ ಶಾಲೆಯ ಓದು, ಅಲ್ಲಿ ಸಿಗುವ ವಿಶೇಷ ಸಹಾಯ ಯಾವುದೂ ಆ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿ ಇರುವುದು ಅಂಗವಿಕಲ ಮಕ್ಕಳಿಗೆ ಕೊಡುವ ಡಿಎಲ್‌ಎ ಭತ್ಯೆಯಂಥವು. ಅದಕ್ಕೆ ಮಾತ್ರ ಅರ್ಜಿ ಹಾಕಬೇಡಿ.

ಇನ್ನು ಶಾಲೆ ಆರಿಸುವ ವಿಷಯ. ಎಲ್ಲರೂ ಮೊದಲು ಆಫ್‌ಸ್ಟೆಡ್ ಎಂಬ ಸರ್ಕಾರಿ ಸಂಸ್ಥೆಯ ತಪಾಸಣಾ ವರದಿ ನೋಡಿ ಎನ್ನುತ್ತಾರೆ. 'ಔಟ್‌ಸ್ಟ್ಯಾಂಡಿಂಗ್' ಎಂದು ಒಂದೇ ಪದದಲ್ಲಿ ಶಾಲೆಯನ್ನು ಅಳೆಯುವ ಪದ್ಧತಿ 2024ರ ಸೆಪ್ಟೆಂಬರಿನಲ್ಲಿ ನಿಂತುಹೋಯಿತು, ಆದರೂ ಶಾಲೆಯ ಗೇಟಿನಲ್ಲಿ ಆ ಹಳೇ ಬ್ಯಾನರ್ ಇನ್ನೂ ಕಂಡೀತು. 2025ರ ನವೆಂಬರಿನಿಂದ ಬರುತ್ತಿರುವ ಹೊಸ ವರದಿಗಳಲ್ಲಿ 'ಇನ್‌ಕ್ಲೂಷನ್' (ಎಲ್ಲ ಬಗೆಯ ಮಕ್ಕಳನ್ನೂ ಒಳಗೊಳ್ಳುವುದು) ಎಂಬ ಪ್ರತ್ಯೇಕ ಭಾಗವಿದೆ. ನೀವು ಓದಬೇಕಾದ್ದು ಅದನ್ನು. ಹಾಗೆಯೇ ಪ್ರತಿ ಶಾಲೆಯೂ ತನ್ನ ವೆಬ್‌ಸೈಟಿನಲ್ಲಿ ಎಸ್‌ಇಎನ್ (ವಿಶೇಷ ಶೈಕ್ಷಣಿಕ ಅಗತ್ಯ) ಮಾಹಿತಿ ವರದಿ ಹಾಕಲೇಬೇಕು. ಅದು ವರ್ಷಗಳಿಂದ ಬದಲಾಗದೆ ಬಿದ್ದಿದ್ದರೆ ಅಷ್ಟರಲ್ಲೇ ಅರ್ಥ ಮಾಡಿಕೊಳ್ಳಿ.

ಅದಕ್ಕಿಂತ ಮುಖ್ಯ, ಮಾಮೂಲಿ ದಿನ, ಮಕ್ಕಳು ಇರುವ ಹೊತ್ತಿನಲ್ಲಿ ಹೋಗಿ ನೋಡುವುದು. ಓಪನ್ ಈವ್‌ನಿಂಗ್‌ಗಳಲ್ಲಿ ಎಲ್ಲಾ ಶಾಲೆಯೂ ಚೆನ್ನಾಗಿಯೇ ಕಾಣುತ್ತದೆ. ಸೆಂಕೋ ಅಂತ ಒಬ್ಬ ಟೀಚರ್ ಇರುತ್ತಾರೆ, ವಿಶೇಷ ಅಗತ್ಯದ ಮಕ್ಕಳ ಜವಾಬ್ದಾರಿ ಅವರದು. ಹೆಡ್‌ಟೀಚರನ್ನು ಮಾತ್ರ ನೋಡಿ ಬರಬೇಡಿ, ಸೆಂಕೋ ಜೊತೆ ಮಾತಾಡಲು ಹದಿನೈದು ನಿಮಿಷ ಕೇಳಿ. ವಾರಕ್ಕೆ ಎಷ್ಟು ದಿನ ಆ ಕೆಲಸಕ್ಕೆ ಸಿಗುತ್ತಾರೆ? ಗದ್ದಲ ಜಾಸ್ತಿಯಾದಾಗ ಮಗು ಹೋಗಿ ಕೂರಲು ಜಾಗ ಎಲ್ಲಿದೆ? ಇಂಥ ಮಕ್ಕಳಿಗೆ ಪಾಠ ಮಾಡುವುದು ಟೀಚರೋ, ದಿನವಿಡೀ ಅಸಿಸ್ಟೆಂಟೋ? ಅಸಿಸ್ಟೆಂಟ್ ಪಕ್ಕದಲ್ಲೇ ಅಂಟಿಕೊಂಡು ಕಾರಿಡಾರಿನಲ್ಲಿ ಕೂತ ಮಗು ಕ್ಲಾಸಿನ ಮಗು ಆಗುವುದಿಲ್ಲ. ಅಸಿಸ್ಟೆಂಟ್ ಆಗಿದ್ದೇ ಇದನ್ನು ಹೇಳುತ್ತಿದ್ದೇನೆ. ಊಟದ ಹಾಲ್ ಮತ್ತು ಆಟದ ಮೈದಾನ ತಪ್ಪದೆ ನೋಡಿ. ಪಾಠದ ಹೊತ್ತು ಹೇಗೋ ಸಾಗುತ್ತದೆ, ಕಷ್ಟ ಬರುವುದು ಅಲ್ಲಿ.

ಒಂದು ನಯವಾದ ಮಾತು ಕಿವಿಗೆ ಬಿದ್ದೀತು: 'ಪಕ್ಕದ ಶಾಲೆಯಲ್ಲಿ ಇಂಥ ಮಕ್ಕಳನ್ನು ತುಂಬಾ ಚೆನ್ನಾಗಿ ನೋಡಿಕೊಳ್ಳುತ್ತಾರೆ, ಅಲ್ಲಿ ವಿಚಾರಿಸಿ.' ಬೇಡ ಎನ್ನುವುದನ್ನು ಇಲ್ಲಿ ಹೀಗೆ ಹೇಳುತ್ತಾರೆ. ಕಾನೂನಿನ ಪ್ರಕಾರ ವಾದ ಮಾಡಿ ಸೀಟು ತೆಗೆದುಕೊಳ್ಳಬಹುದು. ನಾನಾದರೆ ಆ ಶಾಲೆ ಬಿಡುತ್ತೇನೆ, ಮನಸ್ಸಿಲ್ಲದವರ ಕೈಗೆ ಮಗುವನ್ನು ಕೊಟ್ಟು ಏನು ಮಾಡುವುದು?

ಹಾಗಾಗಿ ಬಂದ ಕೂಡಲೇ ವರ್ಷದ ಬಾಡಿಗೆ ಕರಾರಿಗೆ ಸಹಿ ಹಾಕಬೇಡಿ. ಸ್ವಲ್ಪ ದಿನ ತಾತ್ಕಾಲಿಕ ಮನೆಯಲ್ಲಿದ್ದು, ಯಾವ ಶಾಲೆಯಲ್ಲಿ ಮಗನ ತರಗತಿಗೆ ಜಾಗ ಇದೆ ಎಂದು ಕೌನ್ಸಿಲ್‌ಗೆ (ಸ್ಥಳೀಯ ಆಡಳಿತ), ಶಾಲೆಗಳಿಗೆ ಫೋನ್ ಮಾಡಿ ತಿಳಿದುಕೊಂಡು, ನೋಡಿ ಬಂದು, ಆಮೇಲೆ ಅದರ ಹತ್ತಿರ ಮನೆ ಹಿಡಿಯಿರಿ. ವರ್ಷದ ಮಧ್ಯೆ ಬರುವವರ ಅರ್ಜಿಗೆ ಇನ್-ಇಯರ್ ಅಡ್ಮಿಷನ್ ಎನ್ನುತ್ತಾರೆ. ಸೆಪ್ಟೆಂಬರ್ 1ಕ್ಕೆ ಮೊದಲೇ ಐದು ತುಂಬಿದ್ದರೆ ಅವನು ಇಯರ್ ಒನ್. ಎರಡನೇ ತರಗತಿವರೆಗೆ ಒಬ್ಬ ಟೀಚರಿಗೆ 30 ಮಕ್ಕಳ ಮಿತಿಯಿದೆ, ಒಳ್ಳೆಯ ಶಾಲೆಯಲ್ಲಿ ಆ ಮೂವತ್ತು ತುಂಬಿಯೇ ಇರುತ್ತದೆ.

ಸೇರಿದ ಮೇಲೆ ಶಾಲೆಯೇ ಕೊಡುವ ಸಹಾಯ ಸಾಕಾಗದಿದ್ದರೆ ಇಎಚ್‌ಸಿ (ಎಜುಕೇಶನ್, ಹೆಲ್ತ್ ಅಂಡ್ ಕೇರ್) ಪ್ಲಾನ್ ಎಂಬ ದಾರಿ ಇದೆ. 2014ರ ಕಾಯ್ದೆಯಡಿ ಬರುವ ಈ ಪ್ಲಾನಿನಲ್ಲಿ ಬರೆದ ಸಹಾಯವನ್ನು ಕೌನ್ಸಿಲ್ ಕೊಡಿಸಲೇಬೇಕು, ಹೆಸರಿಸಿದ ಸರ್ಕಾರಿ ಶಾಲೆ ಸೀಟು ಕೊಡಲೇಬೇಕು. ಶಾಲೆ ಅರ್ಜಿ ಹಾಕಲಿ ಎಂದು ಕಾಯಬೇಕಿಲ್ಲ, ನೀವೇ ಕೌನ್ಸಿಲ್‌ಗೆ ಬರೆಯಬಹುದು. ಮೌಲ್ಯಮಾಪನ ಮಾಡುತ್ತೇವೋ ಇಲ್ಲವೋ ಎಂದು 6 ವಾರದಲ್ಲಿ ತಿಳಿಸಬೇಕು, ಪ್ಲಾನ್ 20 ವಾರದಲ್ಲಿ ಕೈಗೆ ಬರಬೇಕು. ಬರುತ್ತದೆಯೇ? 2024ರಲ್ಲಿ ಅರ್ಧಕ್ಕಿಂತ ಕಡಿಮೆ ಪ್ಲಾನ್‌ಗಳು ಮಾತ್ರ ಆ ಗಡುವಿನೊಳಗೆ ಬಂದವು. 'ಆಗಲ್ಲ' ಎಂಬ ಉತ್ತರ ಬಂದರೆ ಟ್ರಿಬ್ಯೂನಲ್ ಇದೆ, ಶುಲ್ಕವಿಲ್ಲ, ತೀರ್ಪಿನವರೆಗೆ ಹೋದ ಪೋಷಕರಲ್ಲಿ ಬಹುಪಾಲು ಗೆಲ್ಲುತ್ತಾರೆ. ಪ್ರತಿ ಕೌನ್ಸಿಲ್ ವ್ಯಾಪ್ತಿಯಲ್ಲೂ ಸೆಂಡಿಯಾಸ್ ಎಂಬ ಉಚಿತ ಸಲಹಾ ಸೇವೆ ಇದೆ, ಕಾಗದಪತ್ರದಲ್ಲಿ ಕೈ ಹಿಡಿಯುತ್ತಾರೆ. ಈ ಇಡೀ ವ್ಯವಸ್ಥೆಯನ್ನು ಬದಲಿಸುವ ಮಾತು ಸರ್ಕಾರದ ಮಟ್ಟದಲ್ಲಿ ನಡೆಯುತ್ತಿದೆ, ಅರ್ಜಿಯ ಹೊತ್ತಿಗೆ ಸೆಂಡಿಯಾಸ್‌ನವರನ್ನೇ ಒಮ್ಮೆ ಕೇಳಿ. ಇದೆಲ್ಲ ಇಂಗ್ಲೆಂಡಿನ ಲೆಕ್ಕ. ಸ್ಕಾಟ್ಲೆಂಡ್, ವೇಲ್ಸ್‌ನ ಕಾನೂನು ಬೇರೆ.

'ಇವತ್ತು ಸ್ಟಾಫ್ ಕಮ್ಮಿ, ಬೇಗ ಬಂದು ಕರೆದುಕೊಂಡು ಹೋಗಿ' ಎಂದು ಶಾಲೆಯಿಂದ ಫೋನ್ ಬರಲು ಶುರುವಾದರೆ ಪಾಪ ಕಷ್ಟ ಅವರಿಗೂ ಎಂದು ಓಡಬೇಡಿ. ದಾಖಲೆಯಿಲ್ಲದೆ ಹಾಗೆ ಮನೆಗೆ ಕಳಿಸುವುದು ಕಾನೂನುಬಾಹಿರ. ಬರವಣಿಗೆಯಲ್ಲಿ ಕೊಡಿ ಅನ್ನಿ.

ಹೊರಡುವ ಮುಂಚೆ ಬೆಂಗಳೂರಿನ ಡಾಕ್ಟರಿಂದ, ಸ್ಪೀಚ್ ಥೆರಪಿಸ್ಟರಿಂದ ಇಂಗ್ಲಿಷ್‌ನಲ್ಲಿ ವರದಿ ಬರೆಸಿಕೊಳ್ಳಿ. ಬರೀ ಆಟಿಸಂ ಎಂಬ ಹೆಸರಲ್ಲ, ಅವನಿಗೆ ಏನು ಬರುತ್ತದೆ, ಯಾವುದರಿಂದ ಗಾಬರಿಯಾಗುತ್ತಾನೆ, ಏನು ಮಾಡಿದರೆ ಸಮಾಧಾನವಾಗುತ್ತಾನೆ ಎಂಬುದೂ ಇರಲಿ. ಇನ್ನು ಇಲ್ಲಿಗೆ ಬಂದ ಮೇಲೆ 'ಮನೆಯಲ್ಲಿ ಇಂಗ್ಲಿಷೇ ಮಾತಾಡಿ' ಎಂದು ಯಾರಾದರೂ ಹೇಳಿಯಾರು, ತಲೆಗೆ ಹಾಕಿಕೊಳ್ಳಬೇಡಿ. ಇಂಗ್ಲಿಷ್ ಬಾರದಿರುವುದನ್ನು ಕಾನೂನೇ ಕಲಿಕೆಯ ತೊಂದರೆ ಎಂದು ಎಣಿಸುವುದಿಲ್ಲ. ಇಲ್ಲಿನ ಸ್ಪೀಚ್ ಥೆರಪಿಸ್ಟ್ ಅವನ ಮಾತು ಅಳೆಯುವಾಗ ಕನ್ನಡದ ಪದಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ ಎಂದು ಹೇಳಿ, ದುಭಾಷಿ ಬೇಕಿದ್ದರೆ ಅಪಾಯಿಂಟ್‌ಮೆಂಟಿಗೆ ಮುಂಚೆಯೇ ಕೇಳಿಡಿ.