ಮೂಲಾ ನಕ್ಷತ್ರವೆಂದು ಜಾತಕವನ್ನು ತಿದ್ದಿಸಬೇಕೆ?

ಪ್ರಶ್ನೆ: ನಾನು ಹಾಸನ ಜಿಲ್ಲೆಯವಳು, ವಯಸ್ಸು 29, ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಮೂರು ವರ್ಷಗಳಿಂದ ಬಲ್ಲ ಹುಡುಗನೊಂದಿಗೆ ಮದುವೆಯ ಮಾತುಕತೆ ನಡೆದಿದೆ. ನನ್ನದು ಮೂಲಾ ನಕ್ಷತ್ರ, ರಾಕ್ಷಸಗಣ. ಹುಡುಗನ ತಂದೆಗೆ ಎರಡು ವರ್ಷಗಳ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಮೂಲಾ ನಕ್ಷತ್ರದ ಸೊಸೆ ಮಾವನಿಗೆ ಆಗುವುದಿಲ್ಲವೆಂದು ಅವರ ಮನೆಯಲ್ಲಿ ಹಿಂಜರಿಯುತ್ತಿದ್ದಾರೆ. ನಮ್ಮ ಕಡೆಯ ಜೋಯಿಸರು ಹುಟ್ಟಿದ ಹೊತ್ತನ್ನು 40 ನಿಮಿಷ ಮುಂದೆ ಹಾಕಿ, ಮೂಲಾದ ಮುಂದಿನ ನಕ್ಷತ್ರವಾದ ಪೂರ್ವಾಷಾಢಾ ಎಂದು ಹೊಸ ಜಾತಕ ಬರೆದುಕೊಟ್ಟಿದ್ದಾರೆ. ಹುಡುಗನೂ ‘ಅದನ್ನೇ ಕೊಟ್ಟುಬಿಡು, ಅಮ್ಮ ಒಪ್ಪಿದರೆ ಸಾಕು’ ಎನ್ನುತ್ತಾನೆ. ನನ್ನ ತಂದೆ ನಾನು ನಾಲ್ಕು ವರ್ಷದವಳಿದ್ದಾಗ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಹುಟ್ಟಿದ ಹೊತ್ತನ್ನು ಅವರೇ ತಮ್ಮ ಡೈರಿಯಲ್ಲಿ ಬರೆದಿಟ್ಟಿದ್ದರು. ‘ಈ ಮಗು ಹುಟ್ಟಿದಾಗಲೇ ನನಗೆ ಗೊತ್ತಿತ್ತು’ ಎಂದು ಅಜ್ಜಿ ಹೇಳುತ್ತಿದ್ದ ಮಾತು ಇನ್ನೂ ಕಿವಿಯಲ್ಲಿದೆ. ಮೂಲಾದವರು ಹಟಮಾರಿಗಳು, ಕಟುವಾಗಿ ಮಾತಾಡುತ್ತಾರೆ, ಸಂಬಂಧಗಳ ಬೇರು ಕೀಳುತ್ತಾರೆ ಎಂದು ಓದಿದಾಗ ಅದು ನನ್ನದೇ ಚಿತ್ರವೆನಿಸುತ್ತದೆ. ನಾನು ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಜಾತಕದ ಪ್ರಶ್ನೆ ಮುಂದೆ ನಿಂತಿದೆ, ಆದರೆ ಅದಕ್ಕಿಂತ ಹಳೆಯ ಪ್ರಶ್ನೆಯೊಂದು ಅದರ ಹಿಂದೆ ಇದೆ. ನಾಲ್ಕು ವರ್ಷದ ಮಗುವಿನ ತಲೆಯ ಮೇಲೆ ತಂದೆಯ ಸಾವನ್ನು ಹೊರಿಸಲಾಗಿದೆ, ಆ ಮಗು 25 ವರ್ಷಗಳಿಂದ ಅದನ್ನು ಹೊತ್ತು ನಡೆಯುತ್ತಿದೆ. ಆದ್ದರಿಂದ ಮೊದಲು ಅದನ್ನೇ ಹೇಳುತ್ತೇನೆ. ನಿಮ್ಮ ತಂದೆ ಅಪಘಾತದಲ್ಲಿ ತೀರಿಕೊಂಡರು. ಅದಕ್ಕೂ ನೀವು ಹುಟ್ಟಿದ ಗಳಿಗೆಗೂ ಸಂಬಂಧವಿಲ್ಲ. ಮಗನನ್ನು ಕಳೆದುಕೊಂಡ ಅಜ್ಜಿಗೆ ದುಃಖವನ್ನು ಎಲ್ಲಿ ಇಳಿಸಬೇಕೆಂದು ತಿಳಿಯಲಿಲ್ಲ, ಕೈಗೆ ಸಿಕ್ಕ ಕಾರಣಕ್ಕೆ ಜೋತುಬಿದ್ದರು. ಅವರ ಮೇಲೆ ಸಿಟ್ಟಾಗಬೇಕಿಲ್ಲ, ಆದರೆ ಅವರ ಮಾತನ್ನು ನಂಬಬೇಕಾಗಿಯೂ ಇಲ್ಲ.

ನಾನು ಜ್ಯೋತಿಷಿಯಲ್ಲ, ನಕ್ಷತ್ರ ಯಾರ ಆಯುಷ್ಯವನ್ನಾದರೂ ಕಡಿಮೆ ಮಾಡೀತೆಂದು ನಂಬುವವನೂ ಅಲ್ಲ. ಆದರೆ ನಿಮ್ಮ ಮನೆಯಲ್ಲಿಯೂ ಅವರ ಮನೆಯಲ್ಲಿಯೂ ‘ಶಾಸ್ತ್ರದಲ್ಲಿದೆ’ ಎಂಬ ಮಾತಿಗೆ ತೂಕವಿರುವುದರಿಂದ, ಶಾಸ್ತ್ರದಲ್ಲಿ ನಿಜವಾಗಿ ಏನಿದೆ ಎಂಬುದನ್ನು ನೀವು ತಿಳಿದಿರಬೇಕು. ನಕ್ಷತ್ರಕ್ಕೊಂದು ಸ್ವಭಾವವನ್ನು ಹೇಳುವ ಪ್ರಾಚೀನ ಗ್ರಂಥಗಳಲ್ಲಿ ಆರನೆಯ ಶತಮಾನದ ವರಾಹಮಿಹಿರನ ಬೃಹಜ್ಜಾತಕ ಮುಖ್ಯವಾದುದು. ಮೂಲಾದಲ್ಲಿ ಹುಟ್ಟಿದವರ ಬಗ್ಗೆ ಅವನು ಹೇಳುವುದು ಒಂದೇ ಸಾಲು: ‘ಮಾನೀ, ಧನವಾನ್, ಸುಖೀ, ನ ಹಿಂಸ್ರಃ, ಸ್ಥಿರೋ, ಭೋಗೀ’. ಅಂದರೆ ಅಭಿಮಾನಿ, ಹಣವಂತ, ಸುಖಿ, ಹಿಂಸೆ ಮಾಡದವರು, ಸ್ಥಿರಚಿತ್ತರು, ಬದುಕನ್ನು ಅನುಭವಿಸುವವರು. ನಡುವೆ ಇರುವ ‘ನ ಹಿಂಸ್ರಃ’ ಎಂಬ ಪದವನ್ನು ಮತ್ತೊಮ್ಮೆ ಓದಿ. ಯಾವ ನಕ್ಷತ್ರದ ಹೆಣ್ಣನ್ನು ಮನೆಗೆ ಕೇಡು ತರುವವಳೆಂದು ನಮ್ಮ ಊರುಗಳಲ್ಲಿ ಬೆರಳು ಮಾಡಿ ತೋರಿಸುತ್ತಾರೋ, ಆ ನಕ್ಷತ್ರದವರು ಯಾರಿಗೂ ಕೇಡು ಮಾಡುವವರಲ್ಲ ಎಂದು ಜ್ಯೋತಿಷದ ಈ ಹಿರಿಯನೇ ಬರೆದಿದ್ದಾನೆ.

ಮಾವನ ಮಾತು ಬರುವುದು ಬೇರೆಡೆ. ಕಾಶಿಯಲ್ಲಿದ್ದ ರಾಮ ದೈವಜ್ಞನೆಂಬ ವಿದ್ವಾಂಸ 1600ರಲ್ಲಿ ಬರೆದ ಮುಹೂರ್ತ ಚಿಂತಾಮಣಿಯ ವಿವಾಹ ಪ್ರಕರಣದಲ್ಲಿ, ಆಶ್ಲೇಷಾ ಅತ್ತೆಗೆ, ಮೂಲಾ ಮಾವನಿಗೆ, ಜ್ಯೇಷ್ಠಾ ಭಾವನಿಗೆ, ವಿಶಾಖಾ ಮೈದುನನಿಗೆ ಆಗದೆಂಬ ಶ್ಲೋಕವಿದೆ. ಆದರೆ ಮೂಲಾದ ವಿಷಯದಲ್ಲಿ ಅಲ್ಲಿರುವ ಪದ ‘ಕನ್ಯಾಸುತೌ’, ಅಂದರೆ ಹೆಣ್ಣುಮಗಳು ಮತ್ತು ಗಂಡುಮಗ ಇಬ್ಬರೂ. ಶ್ಲೋಕವನ್ನು ನಂಬುವುದಾದರೆ ಮೂಲಾ ನಕ್ಷತ್ರದ ಅಳಿಯನೂ ಮಾವನಿಗೆ ಅಷ್ಟೇ ಅಪಾಯಕಾರಿ. ಹೆಣ್ಣಿನ ತಂದೆ ‘ಅಳಿಯನದು ಮೂಲಾ, ನನ್ನ ಪ್ರಾಣಕ್ಕೆ ಕುತ್ತು’ ಎಂದು ಸಂಬಂಧ ಬಿಟ್ಟದ್ದನ್ನು ನಾನು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಕೇಳಿಲ್ಲ. ಮೂಲಾ ನಕ್ಷತ್ರದ ಹೆಣ್ಣಿಗೆ ಮಾವನಿಲ್ಲದ ಮನೆಯನ್ನೇ ಹುಡುಕಿ ಅಲೆದ ತಾಯಂದಿರನ್ನು ಮಾತ್ರ ಬಹಳ ಮಂದಿಯನ್ನು ನೋಡಿದ್ದೇನೆ. ಶ್ಲೋಕದ ಅರ್ಧವನ್ನು ಮರೆತು ಉಳಿದರ್ಧವನ್ನು ಹೆಣ್ಣುಮಕ್ಕಳ ಹಣೆಗೆ ಕಟ್ಟಿದವರು ನಾವು, ಅದನ್ನು ನೆನೆದಾಗ ನನಗೆ ನಿಜವಾಗಿಯೂ ನೋವಾಗುತ್ತದೆ.

ಇನ್ನೊಂದು ಸಂಗತಿ ಬಹುಶಃ ನಿಮ್ಮ ಜೋಯಿಸರಿಗೂ ಹೊಳೆದಿಲ್ಲ. ಹುಟ್ಟಿದಾಗ ಚಂದ್ರ ಇರುವ ನಕ್ಷತ್ರವೇ ಜನ್ಮನಕ್ಷತ್ರ. ಚಂದ್ರ ಒಂದು ನಕ್ಷತ್ರವನ್ನು ದಾಟಲು ಸುಮಾರು ಒಂದು ದಿನ ಬೇಕು, ಅದರ ನಾಲ್ಕು ಪಾದಗಳಲ್ಲಿ ಒಂದೊಂದಕ್ಕೆ ಸುಮಾರು ಆರು ಗಂಟೆ. ಹೊತ್ತನ್ನು ಕೇವಲ 40 ನಿಮಿಷ ಮುಂದೆ ಹಾಕಿದರೆ ಪೂರ್ವಾಷಾಢಾ ಬರುತ್ತದೆ ಎಂದರೆ ನೀವು ಹುಟ್ಟಿದ್ದು ಮೂಲಾದ ನಾಲ್ಕನೆಯ ಪಾದದಲ್ಲಿ. ಅದೇ ಮುಹೂರ್ತ ಚಿಂತಾಮಣಿ, ಮೂಲಾದ ಕೊನೆಯ ಪಾದದಲ್ಲಿ ಹುಟ್ಟಿದವರಿಂದ ಮಾವನಿಗೆ ದೋಷವಿಲ್ಲವೆಂದು ಮುಂದಿನ ಶ್ಲೋಕದಲ್ಲಿಯೇ ಹೇಳುತ್ತದೆ. ಮಗು ಹುಟ್ಟಿದಾಗಿನ ಫಲವನ್ನು ಹೇಳುವಾಗಲೂ ತಂದೆಗೆ ಕೇಡೆಂದು ಅದು ಹೇಳುವುದು ಮೊದಲ ಪಾದಕ್ಕೆ, ನಾಲ್ಕನೆಯದು ಶುಭ. ಹೀಗೆ ನಿಮ್ಮ ಅಜ್ಜಿಯ ಮಾತಿಗೆ ಅವರು ನಂಬಿದ ಶಾಸ್ತ್ರದ ಬೆಂಬಲವೂ ಇರಲಿಲ್ಲ, ಯಾವ ದೋಷವನ್ನು ಮುಚ್ಚಲು ಸುಳ್ಳು ಜಾತಕ ಬರೆಸಿದರೋ ಆ ದೋಷವೂ ಗ್ರಂಥದಲ್ಲಿ ಇಲ್ಲ.

ಹುಡುಗನ ಮನೆಯವರಿಗೆ ಸಮಾಧಾನವಾಗುವುದಾದರೆ ಇದನ್ನು ಅವರ ಮುಂದೆ ಇಡಿ. ಆದರೆ ನಿಮ್ಮ ಮನಸ್ಸಿನಲ್ಲಿ ಇದನ್ನು ಆಸರೆ ಮಾಡಿಕೊಳ್ಳಬೇಡಿ. ನಾಲ್ಕನೆಯ ಪಾದದವಳಾದ್ದರಿಂದ ನಾನು ಪಾರಾದೆ ಎಂದುಕೊಂಡರೆ, ಕೆಲವು ಗಂಟೆ ಮುಂಚೆ ಹುಟ್ಟಿದ ಇನ್ನೊಬ್ಬ ಹೆಣ್ಣುಮಗಳು ತಪ್ಪಿತಸ್ಥೆ ಎಂದು ನೀವೇ ಒಪ್ಪಿಕೊಂಡಂತಾಗುತ್ತದೆ. 27 ನಕ್ಷತ್ರಗಳಿಗೆ ಜನರನ್ನು ಸಮನಾಗಿ ಹಂಚಿದರೆ, 2011ರ ಜನಗಣತಿಯ ಕರ್ನಾಟಕದ 6.11 ಕೋಟಿ ಜನರಲ್ಲಿ ಸುಮಾರು 23 ಲಕ್ಷ ಮಂದಿ ಮೂಲಾದವರಾಗುತ್ತಾರೆ. ರಾಕ್ಷಸಗಣಕ್ಕೆ ಸೇರಿಸಿರುವ ನಕ್ಷತ್ರಗಳು ಒಂಬತ್ತು, ಅಂದರೆ ನಾಡಿನ ಪ್ರತಿ ಮೂವರಲ್ಲಿ ಒಬ್ಬರು. ನಿಮ್ಮ ಕಚೇರಿಯ ಊಟದ ಮೇಜಿನ ಸುತ್ತ ಕುಳಿತವರನ್ನು ಒಮ್ಮೆ ಎಣಿಸಿ ನೋಡಿ.

ಈಗ ನಿಮ್ಮ ಸ್ವಭಾವದ ಮಾತು. ಮೂಲಾ ಎಂದರೆ ಬೇರು, ಅದರ ದೇವತೆ ವಿನಾಶದ ನಿರೃತಿ, ತೈತ್ತಿರೀಯ ಪರಂಪರೆಯಲ್ಲಿ ಅದಕ್ಕೆ ‘ಮೂಲಬರ್ಹಣೀ’, ಬೇರು ಕೀಳುವುದು, ಎಂಬ ಹೆಸರೂ ಇದೆ. ನೀವು ಓದಿದ ವರ್ಣನೆಗಳು ಹುಟ್ಟಿದ್ದು ಇಲ್ಲಿಂದ. ಆದರೆ ಅಥರ್ವವೇದದಲ್ಲಿ ಇದೇ ನಕ್ಷತ್ರದ ಜೋಡಿ ಚುಕ್ಕಿಗಳಿಗೆ ‘ವಿಚೃತೌ’ ಎಂಬ ಹೆಸರಿದೆ, ಕಟ್ಟು ಬಿಚ್ಚುವವರು ಎಂದು ಅರ್ಥ. ವಂಶದಿಂದ ಬಂದ ರೋಗದ ಪಾಶವನ್ನು ಸಡಿಲಿಸಿರೆಂದು ಋಷಿ ಅವುಗಳನ್ನು ಬೇಡಿಕೊಳ್ಳುತ್ತಾನೆ. ಆಷಾಢದ ರಾತ್ರಿ ಮೋಡ ಸರಿದಾಗ ದಕ್ಷಿಣದತ್ತ ನೋಡಿ, ವೃಶ್ಚಿಕದ ಕೊಂಡಿಯ ತುದಿಯಲ್ಲಿ ಅವೆರಡು ಅಕ್ಕಪಕ್ಕ ಹೊಳೆಯುತ್ತಿರುತ್ತವೆ. ನವರಾತ್ರಿಯಲ್ಲಿ ಪುಸ್ತಕಗಳನ್ನು ಜೋಡಿಸಿ ಸರಸ್ವತಿಯನ್ನು ಆವಾಹನೆ ಮಾಡುವುದೂ ಮೂಲಾ ನಕ್ಷತ್ರದ ದಿನವೇ. ದೇವಿಯನ್ನು ಮನೆಗೆ ಕರೆಯಲು ಯೋಗ್ಯವಾದ ನಕ್ಷತ್ರ ಸೊಸೆಯನ್ನು ಕರೆಯಲು ಅಯೋಗ್ಯವಾದದ್ದು ಹೇಗೆ ಎಂದು ನಿಮ್ಮ ಭಾವೀ ಅತ್ತೆಯನ್ನು ಮೆಲ್ಲಗೆ, ಗೌರವದಿಂದಲೇ ಕೇಳಬಹುದು.

ಒಂದೇ ನಕ್ಷತ್ರದಲ್ಲಿ ಇಷ್ಟು ಬಗೆಯ ಗುಣಗಳನ್ನು ಕಾಣಲು ಸಾಧ್ಯವಿರುವಾಗ, ನಿಮಗೆ ಕಟುವಾದ ಗುಣಗಳು ಮಾತ್ರ ನಿಮ್ಮವೆನಿಸಿದವು. ಬಾಲ್ಯದಿಂದ ನಿಮ್ಮ ಕಿವಿಗೆ ಬಿದ್ದದ್ದು ಅವಷ್ಟೇ. ತನ್ನಿಂದ ಆಪ್ತರಿಗೆ ಕೇಡಾಗುತ್ತದೆಂದು ಕೇಳುತ್ತ ಬೆಳೆದ ಹುಡುಗಿ ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲು ಅಂಜುತ್ತಾಳೆ, ಆ ಅಂಜಿಕೆ ಹೊರಗಿನವರಿಗೆ ಬಿರುಸಾಗಿ ಕಾಣುತ್ತದೆ. ತಂದೆಯಿಲ್ಲದ ಮನೆಯಲ್ಲಿ ಬೇಗ ದೊಡ್ಡವಳಾದವಳಿಗೆ ಸುತ್ತಿ ಬಳಸಿ ಮಾತಾಡುವ ಬಿಡುವೂ ಇರುವುದಿಲ್ಲ. ನಿಮ್ಮ ನೇರ ಮಾತಿಗೂ ಹಟಕ್ಕೂ ನಿಮ್ಮ ಬದುಕಿನಲ್ಲಿಯೇ ಸಾಕಷ್ಟು ಕಾರಣಗಳಿವೆ, ಅವುಗಳನ್ನು ಹುಡುಕಲು ಆಕಾಶಕ್ಕೆ ಹೋಗಬೇಕಾಗಿಲ್ಲ. ಜಾತಕದಿಂದ ವ್ಯಕ್ತಿಯನ್ನು ಅಳೆಯಬಹುದೇ ಎಂಬುದನ್ನು ಖಗೋಳವಿಜ್ಞಾನಿ ಜಯಂತ ನಾರ್ಳೀಕರ ಮತ್ತು ಸಂಗಡಿಗರು 2008ರಲ್ಲಿ ಮಹಾರಾಷ್ಟ್ರದಲ್ಲಿ ಪರೀಕ್ಷಿಸಿದ್ದರು. 27 ಜ್ಯೋತಿಷಿಗಳಿಗೆ ತಲಾ 40 ಜಾತಕ ಕೊಟ್ಟು, ಯಾವುದು ಪ್ರತಿಭಾವಂತ ಮಗುವಿನದು, ಯಾವುದು ಬುದ್ಧಿಮಾಂದ್ಯ ಮಗುವಿನದು ಎಂದು ಕೇಳಿದರು. ಸರಿಯಾದ ಉತ್ತರ ಸರಾಸರಿ ಶೇ 46. ನಾಣ್ಯ ಚಿಮ್ಮಿ ಹೇಳಿದ್ದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು.

ಇನ್ನು ತಿದ್ದಿದ ಜಾತಕ. ಅದನ್ನು ದಯವಿಟ್ಟು ಕೊಡಬೇಡಿ. ನಿಮ್ಮ ಮಾವನಾಗಲಿರುವವರ ಹೃದಯಕ್ಕೆ ಈಗಾಗಲೇ ತೊಂದರೆಯಿದೆ, ನೀವು ಆ ಮನೆಗೆ ಕಾಲಿಡುವ ಎರಡು ವರ್ಷ ಮೊದಲೇ ಅದು ಬಂದಿದೆ. ಮುಂದೆ ಎಂದಾದರೂ ಅವರನ್ನು ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ, ಆ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ‘ನಾನು ಮೂಲಾದವಳು, ಅದನ್ನು ಮುಚ್ಚಿಟ್ಟೆ’ ಎಂಬ ಭಾರವನ್ನು ಹೊರುವವರು ನೀವೊಬ್ಬರೇ. ಅಜ್ಜಿಯ ಮಾತು ಆಗ ಇಮ್ಮಡಿಯಾಗಿ ಹಿಂತಿರುಗುತ್ತದೆ. ಸುಳ್ಳು ಹೊರಬಿದ್ದರಂತೂ ನಕ್ಷತ್ರದ ಮೇಲಿನ ಅಪವಾದಕ್ಕೆ ಮೋಸದ ಅಪವಾದವೂ ಸೇರುತ್ತದೆ, ಎರಡನೆಯದಕ್ಕೆ ನಿಮ್ಮಲ್ಲಿ ಉತ್ತರವಿರುವುದಿಲ್ಲ.

ಮೊದಲು ಆ ಹುಡುಗನೊಂದಿಗೆ ಮಾತಾಡಿ. ಅವನು ದುಷ್ಟನೆಂದು ನನಗೆ ಅನಿಸುವುದಿಲ್ಲ, ತಾಯಿಯ ಎದುರು ನಿಲ್ಲಲು ಹೆದರಿ ಸುಲಭದ ದಾರಿ ಹುಡುಕಿದ್ದಾನೆ. ಆದರೆ ಆ ದಾರಿಯ ಸುಂಕವನ್ನು ತೆರುವವರು ನೀವು. ‘ನಾನು ಮೂಲಾದವಳೆಂದು ತಿಳಿದೇ ನಿಮ್ಮ ಮನೆಯವರು ನನ್ನನ್ನು ಕರೆಯಬೇಕು, ಅದನ್ನು ನೀನೇ ನಿನ್ನ ತಂದೆತಾಯಿಗೆ ಹೇಳಬೇಕು’ ಎಂದು ಸ್ಪಷ್ಟವಾಗಿ ತಿಳಿಸಿ, ಒಂದು ತಿಂಗಳ ಕಾಲ ಕೊಡಿ. ಸಾಧ್ಯವಾದರೆ ಅವನ ತಂದೆಯೊಂದಿಗೆ ನೀವೂ ಕುಳಿತು ಮಾತಾಡಿ. ಹೆಂಗಸರು ಹೆದರುತ್ತಿರುವುದು ಆ ತಂದೆಯ ಪ್ರಾಣಕ್ಕಾಗಿ, ಆದರೆ ಅವರ ಅಭಿಪ್ರಾಯವನ್ನು ಯಾರಾದರೂ ಕೇಳಿದ್ದಾರೆಯೇ ಎಂಬುದು ನಿಮ್ಮ ಪತ್ರದಲ್ಲಿ ಎಲ್ಲಿಯೂ ಇಲ್ಲ. ಹಿರಿಯರ ಮನಸ್ಸಿನ ನೆಮ್ಮದಿಗೆ ಒಂದು ನಕ್ಷತ್ರಶಾಂತಿ ಮಾಡಿಸೋಣವೆಂದರೆ ಅದಕ್ಕೆ ಒಪ್ಪಿಕೊಳ್ಳುವುದರಲ್ಲಿ ತಪ್ಪಿಲ್ಲ, ಅದು ಎಲ್ಲರ ಕಣ್ಣೆದುರು ನಡೆಯುವ ಕೆಲಸ. ಒಂದು ತಿಂಗಳ ನಂತರವೂ ಅವನು ಬಾಯಿ ತೆರೆಯದಿದ್ದರೆ, ಮದುವೆಯ ದಿನವನ್ನು ಗೊತ್ತುಮಾಡಬೇಡಿ. ಇದನ್ನು ಬರೆಯಲು ನನಗೆ ಕಷ್ಟವಾಗುತ್ತಿದೆ, ಏಕೆಂದರೆ ಮೂರು ವರ್ಷಗಳ ಒಡನಾಟ ಸಣ್ಣದಲ್ಲ.

ತಿದ್ದಿದ ಜಾತಕವನ್ನು ಜೋಯಿಸರಿಗೆ ಹಿಂತಿರುಗಿಸಿ. ಹುಡುಗನ ಮನೆಯವರು ಹುಟ್ಟಿದ ಹೊತ್ತನ್ನು ಕೇಳಿದರೆ, ನಿಮ್ಮ ತಂದೆಯ ಡೈರಿಯ ಆ ಪುಟದ ನೆರಳಚ್ಚು ಪ್ರತಿಯನ್ನು ಕೊಡಿ. ಹೆರಿಗೆಯ ದಿನ ಗಡಿಯಾರ ನೋಡಿ, ಮರೆಯದಂತೆ ಆ ಹೊತ್ತನ್ನು ಬರೆದಿಟ್ಟ ಮನುಷ್ಯ ಮಗಳು ಬಂದದ್ದಕ್ಕೆ ಹೆದರಿದ್ದನೋ ಹಿಗ್ಗಿದ್ದನೋ ಎಂದು ಇವತ್ತೇ ನಿಮ್ಮ ತಾಯಿಯನ್ನು ಕೇಳಿ.