ಪಿಗ್ಮಿ ನೀರಾನೆಗಳನ್ನು ಮೃಗಾಲಯಗಳಲ್ಲಿ ಗುಂಪಾಗಿ ಏಕೆ ಇಡುವುದಿಲ್ಲ?

ಮುಂಬಯಿಯ ರಾಣಿಬಾಗ್ ಮೃಗಾಲಯದಲ್ಲಿ ದೊಡ್ಡ ನೀರಾನೆಗಳನ್ನು ಕಂಡವರಿಗೆ ಈ ಪ್ರಶ್ನೆ ಸಹಜ. ಮಾಟುಂಗಾದಿಂದ ಅಲ್ಲಿಗೆ ಕರೆದೊಯ್ದಿದ್ದ ಅಕ್ಕನ ಮಗಳು ಮೊಬೈಲಿನಲ್ಲಿ ಥಾಯ್ಲೆಂಡಿನ ಪಿಗ್ಮಿ, ಅಂದರೆ ಕುಳ್ಳ ಜಾತಿಯ ನೀರಾನೆಯ ಮರಿ ಮೂ ಡೆಂಗ್‌ನ ಚಿತ್ರ ತೋರಿಸಿ, "ಮಾಮಾ, ಇದು ಅಮ್ಮನ ಜೊತೆ ಮಾತ್ರ ಏಕಿದೆ?" ಎಂದು ನನ್ನನ್ನೂ ಕೇಳಿದ್ದಳು.

ದೊಡ್ಡ ನೀರಾನೆಗಳು ನದಿಯಲ್ಲಿ ಗುಂಪುಗೂಡುತ್ತವೆ. ಪಿಗ್ಮಿ ಹಾಗಲ್ಲ, ಲೈಬೀರಿಯಾ ಮತ್ತು ಅದರ ನೆರೆಯ ದೇಶಗಳ ದಟ್ಟ ಕಾಡಿನಲ್ಲಿ ರಾತ್ರಿ ಒಂಟಿಯಾಗಿ ಮೇಯುವ ಜೀವಿ ಅದು. ಅದಕ್ಕೇ ಮೃಗಾಲಯಗಳು ಗಂಡು ಹೆಣ್ಣನ್ನು ಬೇರೆ ಬೇರೆ ಆವರಣದಲ್ಲಿಟ್ಟು, ಹೆಣ್ಣು ಬೆದೆಗೆ ಬಂದಾಗ ಸೇರಿಸುತ್ತವೆ. ಬಲವಂತದಿಂದ ಜೊತೆಗಿಟ್ಟರೆ ಕಚ್ಚಾಟ. ಆ ಕೋರೆಹಲ್ಲಿನ ಗಾಯ ಸಣ್ಣದಲ್ಲ.

ಗರ್ಭಾವಸ್ಥೆ ಸುಮಾರು ಆರೂವರೆ ತಿಂಗಳು. ಹುಟ್ಟುವ ಮರಿಯ ತೂಕ ಐದಾರು ಕಿಲೋ ಅಷ್ಟೇ, ತಾಯಿಯದು 200 ಕಿಲೋ ದಾಟಬಹುದು. ನನಗೆ ಅತ್ಯಂತ ಮುಖ್ಯವೆನಿಸುವ ಸಂಗತಿ ಇದು: ನೀರಿನ ಹೆಸರು ಹೊತ್ತ ಈ ಮರಿಗೆ ಆರಂಭದಲ್ಲಿ ಸರಿಯಾಗಿ ಈಜಲು ಬರುವುದಿಲ್ಲ. ಕಾಡಿನಲ್ಲಿ ತಾಯಿ ಅದನ್ನು ಪೊದೆಯಲ್ಲಿ ಬಚ್ಚಿಟ್ಟು ಮೇಯಲು ಹೋಗುತ್ತಾಳೆ. ಹಾಗಾಗಿ ಮೃಗಾಲಯದಲ್ಲಿ ಕೊಳದ ನೀರನ್ನು ಇಳಿಸಿ, ಹುಲ್ಲು ಹಾಸಿದ ಕತ್ತಲೆಯ ಮೂಲೆ ಕೊಡಬೇಕು. ಚರ್ಮ ಒಣಗಿ ಬಿರಿಯದಂತೆ ತೇವವೂ ಬೇಕು.

ಸಂಬಂಧಿಗಳ ನಡುವೆ ಕೂಡಿಕೆಯಾಗದಂತೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯ ಇವುಗಳ ಅಂತರರಾಷ್ಟ್ರೀಯ ವಂಶಾವಳಿ ದಾಖಲೆ ನೋಡಿಕೊಳ್ಳುತ್ತದೆ. ಬಂಧನದಲ್ಲಿ ಹೆಣ್ಣುಮರಿಗಳೇ ಹೆಚ್ಚು ಹುಟ್ಟುವುದರಿಂದ ಜೋಡಿ ಹೊಂದಿಸುವುದೂ ಕಷ್ಟ.